ಪುಟ್ಟತಾಯಮ್ಮನವರು ನಲ್ಲಿ ಬಿಗಿದ ಚಳಿಗಾಲ

ಕ್ಯಾಲಿಫೋರ್ನಿಯಾದ ಲಿವರ್ಮೋರಿನ ಆಚೆ, ಗುಡ್ಡದ ಮೇಲಿನ ಒಂದು ಮನೆ ಮಾರಾಟಕ್ಕೆ ಹೋಗುವುದೋ ಉಳಿಯುವುದೋ ಎಂಬ ಪ್ರಶ್ನೆ ಕಳೆದ ಚಳಿಗಾಲದಲ್ಲಿ ಒಂದು ನಲ್ಲಿಯ ಮೇಲೆ ನಿಂತಿತ್ತು. ಮನೆಯ ಯಜಮಾನ ಮಹೇಶ ಮಾರಿಬಿಡೋಣ ಎನ್ನುತ್ತಿದ್ದ. ಅವನ ತಾಯಿ ಪುಟ್ಟತಾಯಮ್ಮ, ಮಂಡ್ಯ ಕಡೆಯವರು, ಎಪ್ಪತ್ತು ದಾಟಿದವರು, ಕೂಡದು ಎನ್ನುತ್ತಿದ್ದರು. ಆ ಮನೆಯ ಪ್ಲಂಬರ್ ನಾನು. ಆಮೇಲೆ ನಿವೃತ್ತನಾದೆ, ನನ್ನ ಕೊನೆಯ ಕೆಲಸವೂ ಅದೇ ಆಯಿತು.

ಮುಖ್ಯ ವಿಷಯವನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡುವುದು ಹಳೆಯ ಅಭ್ಯಾಸ. ಅಮೆರಿಕಕ್ಕೆ ಬರುವ ಮೊದಲು ಮೈಸೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದದ್ದನ್ನು ತಿದ್ದುತ್ತಿದ್ದೆ. ಇಲ್ಲಿ ಬಂದ ಮೇಲೆ ಯಾವ ಪತ್ರಿಕೆಗೂ ನಾನು ಬೇಕಾಗಲಿಲ್ಲ. ಯೂನಿಯನ್ ಸಿಟಿಯಲ್ಲಿ ಹೆಕ್ಟರ್ ಎಂಬ ಪ್ಲಂಬರಿಗೆ ಇನ್ನೊಬ್ಬ ಆಳು ಬೇಕಾಗಿತ್ತು. 'ನಿನಗೆ ಏನು ಬರುತ್ತೆ?' ಎಂದು ಕೇಳಿದ. 'ಏನಾಯಿತು, ಎಲ್ಲಿ, ಯಾವಾಗ, ಹೇಗೆ ಅಂತ ಕೇಳೋದು ಬರುತ್ತೆ' ಎಂದೆ. 'ಯಾರು ಮಾಡಿದ್ದು ಅನ್ನೋದನ್ನ ಮಾತ್ರ ಕೇಳಬೇಡ, ಗಿರಾಕಿ ಹೋಗಿಬಿಡ್ತಾನೆ' ಎಂದು ಹೇಳಿ ಕೆಲಸ ಕೊಟ್ಟ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣವಿದೆ. ಈಚೆಗೆ ನನಗೆ ಬಹಳ ಫೋನುಗಳು ಬರುತ್ತಿವೆ. ಮಾಡುವವರೆಲ್ಲ ಕೆಲಸ ಕಳೆದುಕೊಂಡ, ಅಥವಾ ಯಾವಾಗ ಕಳೆದುಕೊಳ್ಳುತ್ತೇವೋ ಎಂದು ಹೆದರಿದ ಸಾಫ್ಟ್‌ವೇರ್ ಹುಡುಗರು, ಹುಡುಗಿಯರು. 'ಅಂಕಲ್, ಎಐ ಬಂದ್ರೂ ಪ್ಲಂಬಿಂಗು ಸೇಫು ಅಲ್ವಾ?' ಎಂದು ಶುರುಮಾಡುತ್ತಾರೆ. ಸೇಫು ಎಂದೇ ನಾನು ಹೇಳುತ್ತೇನೆ. ಎಐ ಬಂದು ಮನೆಯ ಅಡಿಯಲ್ಲಿ ತೆವಳುತ್ತೇನೆ ಎಂದರೆ ಟಾರ್ಚು ಹಿಡಿಯಲು ನಾನೇ ಹೋಗುತ್ತೇನೆ. ಆದರೆ ಈ ಕೆಲಸ ಎಂಥದು ಎಂಬ ಬಗ್ಗೆ ಇವರಿಗೆಲ್ಲ ಒಂದು ಕಲ್ಪನೆ ಇದೆ: ನಲ್ಲಿ ಸೋರುತ್ತದೆ, ನಾವು ಹೋಗಿ ಬಿಗಿಯುತ್ತೇವೆ. ಬಿಗಿದಿದ್ದರಿಂದಲೇ ಹಾಳಾದ ಮನೆಗಳ ವಿಷಯ ಅವರು ಕೇಳಿಲ್ಲ.

ಬೇ ಏರಿಯಾದಲ್ಲಿ ಎಲ್ಲಿಯ ಚಳಿ ಎಂದು ನೀವು ಕೇಳಬಹುದು. ಫಾಸ್ಟರ್ ಸಿಟಿಯ ನೀರಿನಂಚಿನ ಮನೆಯಲ್ಲಿ ಕೂತವರು ಕೇಳುವ ಪ್ರಶ್ನೆ ಅದು. ಅಲ್ಲಿಂದ ಫ್ರೀವೇ ಹಿಡಿದು, ಫ್ರೀವೇ ಬಿಟ್ಟು, ಫೋನಿನ ಸಿಗ್ನಲ್ಲೂ ನಿಮ್ಮನ್ನು ಬಿಡುವವರೆಗೆ ಗುಡ್ಡ ಹತ್ತಿ. ಅಲ್ಲಿ ಬೋರ್‌ವೆಲ್ಲು, ಸೆಪ್ಟಿಕ್ ಟ್ಯಾಂಕು, ಹೊರಗೋಡೆಯ ಮೇಲೆ ಮೈಬಿಟ್ಟುಕೊಂಡು ಓಡುವ ಪೈಪು. ಚಳಿಗಾಲದ ಬೆಳಿಗ್ಗೆ ನಾಯಿಯ ಬಟ್ಟಲಿನ ನೀರು ಗಾಜಾಗಿರುತ್ತದೆ. ಕಟ್ಟಿದವರು ಇದು ಕ್ಯಾಲಿಫೋರ್ನಿಯಾ ಎಂಬ ಧೈರ್ಯದಲ್ಲಿ ಕಟ್ಟಿರುತ್ತಾರೆ. ಚಳಿಗೆ ಅದು ಗೊತ್ತಿರುವುದಿಲ್ಲ.

ಇಂಥ ಮನೆಗಳಿಗೆ ಕ್ರಾಲ್ ಸ್ಪೇಸು ಎಂದು ಒಂದಿರುತ್ತದೆ. ನೆಲಕ್ಕೂ ಮನೆಯ ಹಲಗೆಗೂ ನಡುವೆ ಹೊಟ್ಟೆಯ ಮೇಲೆ ತೆವಳುವಷ್ಟೇ ಜಾಗ. ನೀವು ಆಫೀಸಿನಲ್ಲಿ ಕಟ್ಟಡದ ಮೇಲ್ಮಹಡಿಗೆ ಆಸೆಪಟ್ಟವರು. ಇಲ್ಲಿ ದಿನವೂ ಅದರ ಕೆಳಗಿರುತ್ತೀರಿ. ಜೇಡ ಇರುತ್ತದೆ. ಒಮ್ಮೊಮ್ಮೆ ಸ್ಕಂಕು ಎಂಬ ಪ್ರಾಣಿ ಇರುತ್ತದೆ. ಅದು ನಿಮ್ಮ ಮೇಲೆ ಬಿಟ್ಟ ವಾಸನೆಯಿಂದಾಗಿ ಹೆಂಡತಿ ನಿಮಗೆ ಗರಾಜಿನಲ್ಲಿ ಊಟ ಬಡಿಸುತ್ತಾಳೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಸಾರು ಚೆನ್ನಾಗಿತ್ತು.

ನಾನೂ ಹೆಕ್ಟರೂ ಸೇರಿ ಮಾಡಿದ ಒಂದು ಕೆಲಸವನ್ನು ಇಲ್ಲಿ ದಾಖಲಿಸಬೇಕು. ಗುಡ್ಡದ ಹಳೆಯ ಮನೆಯೊಂದರಲ್ಲಿ ಅಡುಗೆಮನೆಗೆ ನೀರು ಬರುತ್ತಿಲ್ಲ, ಪೈಪು ಹೆಪ್ಪುಗಟ್ಟಿದೆ ಎಂದು ಕರೆ ಬಂತು. ಹಿಂದೆಲ್ಲ ಹೆಕ್ಟರ್ ಬೆಂಕಿಯ ಟಾರ್ಚು ಹಿಡಿದು ಕರಗಿಸುತ್ತಿದ್ದ. ಒಣ ಮರದ ಮನೆಯ ಅಡಿಯಲ್ಲಿ ಬೆಂಕಿ ಹಿಡಿಯುವುದು ತಪ್ಪೆಂದು ಅವನ ಮೀಸೆಯ ಒಂದು ಭಾಗ ಹೋದ ಮೇಲೆ ಅರಿವಾಗಿ, ಕೂದಲು ಒಣಗಿಸುವ ಡ್ರೈಯರಿಗೆ ಬದಲಾಯಿಸಿಕೊಂಡಿದ್ದ. ಇಬ್ಬರೂ ಅಡಿಗಿಳಿದು, ಮಲಗಿ, ಒಂದು ಪೈಪಿಗೆ ಸರದಿಯ ಮೇಲೆ ಬಿಸಿಗಾಳಿ ಹಿಡಿದೆವು. ಮೇಲಿಂದ ಮನೆಯಾಕೆ ನೆಲ ಕುಟ್ಟಿ ಕೇಳುತ್ತಿದ್ದಳು: 'ಬಂತಾ?' 'ಈಗ ಬರುತ್ತೆ.' ಪೈಪು ದೋಸೆ ಕಾವಲಿಯಷ್ಟು ಕಾದರೂ ನೀರಿಲ್ಲ. ಕೊನೆಗೆ ಆ ಪೈಪನ್ನು ಹಿಡಿದುಕೊಂಡು ತೆವಳುತ್ತಾ ಹೋದೆ. ಅದು ಮನೆಯಿಂದ ಹೊರಬಿದ್ದು ಒಂದು ಪಾಪಾಸುಕಳ್ಳಿಯ ಬುಡದಲ್ಲಿ ಮುಗಿಯಿತು. ಎಷ್ಟೋ ವರ್ಷ ಹಿಂದೆ ಕತ್ತರಿಸಿ ಬಿಟ್ಟ ಪೈಪು. ಮನೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಹೆಕ್ಟರನಿಗೆ ಹೇಳಿದೆ. ಅವನು ಡ್ರೈಯರ್ ಆರಿಸಿ, 'ಒಂದು ಮಾತಂತೂ ನಿಜ, ಈ ಪೈಪು ಇವತ್ತು ಹೆಪ್ಪುಗಟ್ಟಲ್ಲ' ಎಂದ.

ನಮ್ಮವರ ಮನೆಗಳ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. 'ನಿಮ್ಮವರು ಫೋನಿನಲ್ಲಿ ಇಂಗ್ಲಿಷು ಚೆನ್ನಾಗಿ ಮಾತಾಡ್ತಾರೆ, ಆದರೆ ಪೈಪಿಗೆ ಏನು ಮಾಡಿದ್ರು ಅನ್ನೋದನ್ನ ಮಾತ್ರ ನಿಮ್ಮ ಭಾಷೇಲೇ ಒಪ್ಕೊಳ್ತಾರೆ' ಎಂಬುದು ಹೆಕ್ಟರನ ಅಭಿಪ್ರಾಯ. ಒಮ್ಮೆ ಫಾಸ್ಟರ್ ಸಿಟಿ, ವಾಲ್ನಟ್ ಕ್ರೀಕ್ ಕಡೆಯ ನಾಲ್ಕು ಕನ್ನಡ ಸಂಸಾರಗಳು ಸೇರಿ ಹಿಮ ಬೀಳುವ ಬೆಟ್ಟದಲ್ಲಿ ಒಂದು ಮರದ ಮನೆ ಕೊಂಡಿದ್ದವು. ಎಂಜಿನಿಯರುಗಳು, ಇಬ್ಬರು ಡಾಕ್ಟರುಗಳು. ಹೊರಡುವಾಗ ಮುಖ್ಯ ವಾಲ್ವು ನಿಲ್ಲಿಸಿ, ಪೈಪಿನ ನೀರೆಲ್ಲ ಖಾಲಿ ಮಾಡಿ ಹೋಗಬೇಕೆಂದು ನಾನು ಹೇಳಿದ್ದೆ. ಮುಂದಿನ ಸಲ ಅವರು ಬಾಗಿಲು ತೆರೆದಾಗ ನಡುಮನೆಯ ಚಾವಣಿ ಸೋಫಾದ ಮೇಲಿತ್ತು. ಸೋಫಾ ಮಂಜುಗಡ್ಡೆಯಾಗಿತ್ತು.

'ವಾಲ್ವು ನಿಲ್ಲಿಸಿದ್ದು ಯಾರು?' ಎಂದು ಕೇಳಿದೆ. ಹೆಕ್ಟರನ ಬುದ್ಧಿವಾದ ಮರೆತಿತ್ತು.

ಎಲ್ಲರೂ ಒಟ್ಟಿಗೆ ಫೋನು ತೆಗೆದರು. ವಾಟ್ಸಾಪ್ ಗುಂಪಿನಲ್ಲಿ 'ವಾಲ್ವ್ ಕ್ಲೋಸ್ ಮಾಡಿ ಪ್ಲೀಸ್' ಎಂಬ ಸಂದೇಶವಿತ್ತು. ಅದರ ಕೆಳಗೆ ಗಂಡಂದಿರು, ಹೆಂಡತಿಯರು ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ್ದರು. ಪ್ರತಿಯೊಬ್ಬರೂ ಬೇರೆಯವರ ಹೆಬ್ಬೆರಳು ನೋಡಿ ವಾಲ್ವು ನಿಂತಿದೆ ಎಂದುಕೊಂಡು ಕಾರು ಹತ್ತಿದ್ದರು. 'ಇಷ್ಟು ಜನ ಹೆಬ್ಬೆಟ್ಟು ಒತ್ತಿದ್ದೀವಲ್ಲ ಸಾರ್' ಎಂದು ಒಬ್ಬ ಡಾಕ್ಟರು ನನಗೇ ನ್ಯಾಯ ಕೇಳಿದರು. ಹೆಬ್ಬೆಟ್ಟಿನಲ್ಲಿ ವಾಲ್ವು ತಿರುಗುವುದಿಲ್ಲ, ಕೈಪೂರ್ತಿ ಬೇಕು ಎಂದೆ. ಯಾರೂ ನಗಲಿಲ್ಲ. ಚಾವಣಿ ಬಿದ್ದ ಮನೆಯಲ್ಲಿ ಪ್ಲಂಬರ್ ಹಾಸ್ಯ ಮಾಡಬಾರದು ಎಂಬುದನ್ನೂ ಹೊಸಬರು ತಿಳಿದಿರಲಿ.

ಈಗ ಗುಡ್ಡದ ಮನೆಗೆ ಬರುತ್ತೇನೆ.

ಮಹೇಶ ಮೊದಲು ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿದ್ದ. ಮನೆಯಿಂದಲೇ ಆಫೀಸು ಎಂದಾದ ಕಾಲದಲ್ಲಿ ಗುಡ್ಡದ ಮೇಲೆ ಮನೆ ಕೊಂಡ. ಹೆಂಡತಿ ಶ್ವೇತಾ, ತಾಯಿ ಪುಟ್ಟತಾಯಮ್ಮ, ಮೂವರೂ ಅಲ್ಲಿಗೆ ಬಂದರು. ಈಗ ಆಫೀಸು ಅವನನ್ನು ವಾಪಸು ಕರೆದಿತ್ತು. ದಿನಾ ಬೆಳಿಗ್ಗೆ ಫ್ರೀವೇಯಲ್ಲಿ ಕೂತು ಅವನ ಸೊಂಟ ಹಿಡಿದಿತ್ತು. ಅದರ ಮೇಲೆ ಪೈಪು ಬೇರೆ ಒಡೆಯಿತು. ಮಾರಿ ಮತ್ತೆ ಅಪಾರ್ಟ್‌ಮೆಂಟು ಸೇರೋಣ ಎಂದು ಅವನಿಗನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ಪುಟ್ಟತಾಯಮ್ಮನವರ ವಾದವನ್ನೂ ಹೇಳಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮೆಣಸಿನಕಾಯಿ ಒಣಹಾಕಿದ್ದಕ್ಕೆ ಅವರಿಗೆ ನೋಟೀಸು ಬಂದಿತ್ತು. ಗುಡ್ಡದಲ್ಲಿ ಅವರಿಗೆ ಕೋಳಿಗಳಿದ್ದವು, ಅವರೆ ಪಾತಿ ಇತ್ತು, ಬೇಲಿಯಾಚೆಗೆ ಪಕ್ಕದವರ ಎರಡು ಕುದುರೆಗಳಿದ್ದವು. ಕುದುರೆಗಳ ಜೊತೆ ಮಂಡ್ಯದ ಮಾತಿನಲ್ಲೇ ಜಗಳವಾಡುತ್ತಿದ್ದರು. 'ಆ ಡಬ್ಬಿ ಒಳಕ್ಕೆ ನಾನು ಇನ್ನೊಂದ್ಸಲ ಬರಕ್ಕಿಲ್ಲ ಕನಪ್ಪ. ಅಲ್ಲಿ ಕೆಮ್ಮುದ್ರೂ ಪಕ್ಕದ್ಮನೆಯೋವ್ರು ಗ್ವಾಡೆ ಕುಟ್ತಾರೆ' ಎಂದು ನನಗೆ ಹೇಳಿದ್ದರು. ನನ್ನನ್ನು ಅವರು ನಲ್ಲಿಯಪ್ಪ ಎಂದು ಕರೆಯುತ್ತಿದ್ದರು.

ಮೊದಲ ಸಲ ಪೈಪು ಒಡೆದದ್ದು ಅಡುಗೆಮನೆಯ ಹೊರಗೋಡೆಯಲ್ಲಿ. ಸರಿಮಾಡಿ, ಎಲ್ಲ ಮನೆಗಳಲ್ಲೂ ಹೇಳುವುದನ್ನೇ ಮಹೇಶನಿಗೂ ಶ್ವೇತಾಳಿಗೂ ಹೇಳಿದೆ. ಚಳಿ ಹೆಚ್ಚಿರುವ ರಾತ್ರಿ ನಲ್ಲಿಯನ್ನು ಪೂರ್ತಿ ನಿಲ್ಲಿಸಬೇಡಿ. ಸಣ್ಣಗೆ ತೊಟ್ಟಿಕ್ಕಲು ಬಿಡಿ. ಪೈಪಿನೊಳಗೆ ಮಂಜುಗಡ್ಡೆ ಕಟ್ಟಿದಾಗ, ಗಡ್ಡೆಗೂ ಬಿಗಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಜಾಗವಿರುವುದಿಲ್ಲ. ಅದು ಒತ್ತಿ ಒತ್ತಿ ಪೈಪನ್ನೇ ಸೀಳುತ್ತದೆ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಒತ್ತಡಕ್ಕೆ ದಾರಿ ಸಿಗುತ್ತದೆ. ಅಷ್ಟೇ. ಈ ಮಾತನ್ನು ಮಹೇಶ ಎಐ ಹತ್ತಿರವೂ ಕೇಳಿ ಖಚಿತಪಡಿಸಿಕೊಂಡ. 'ಅದೂ ನೀವು ಹೇಳಿದ್ದನ್ನೇ ಹೇಳ್ತಿದೆ ಅಂಕಲ್' ಎಂದ. ಇಬ್ಬರಿಗೂ ಸಮಾಧಾನವಾಯಿತು.

ಜನವರಿ ಮುಗಿಯುವ ಮೊದಲು ಅದೇ ಗೋಡೆಯಲ್ಲಿ ಮತ್ತೆ ಒಡೆಯಿತು.

ನಾನು ಹೋದಾಗ ಅಡುಗೆಮನೆಯ ನಲ್ಲಿ ಬಿಗಿಯಾಗಿತ್ತು. ಬಿಗಿ ಎಂದರೆ ಎಂಥ ಬಿಗಿ. ಒಳಗಿನ ವಾಷರ್ ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. ಮಹೇಶನನ್ನು ವಿಚಾರಿಸಿದೆ. ರಾತ್ರಿ ಮಲಗುವಾಗ ತೊಟ್ಟಿಕ್ಕಲು ಬಿಟ್ಟೇ ಮಲಗಿದ್ದಾಗಿ ಹೇಳಿದ. ಶ್ವೇತಾಳನ್ನು ಕೇಳಿದೆ. ಅವಳು ಕುಡಿಯುವ ನೀರಿಗೆ ಬಂದಾಗಲೂ ತೊಟ್ಟಿಕ್ಕುತ್ತಿತ್ತಂತೆ. 'ಬೇಕಿದ್ರೆ ನಾನು ಪ್ರಮಾಣ ಮಾಡ್ತೀನಿ, ಇವರು ಮಾಡಲ್ಲ ನೋಡಿ' ಎಂದು ಗಂಡನ ಕಡೆ ತೋರಿಸಿದಳು. ಮಹೇಶ, 'ನಾನ್ಯಾಕೆ ಪ್ರಮಾಣ ಮಾಡ್ಲಿ, ಲೋನು ನನ್ನ ಹೆಸರಲ್ಲಿದೆ' ಎಂದ. ಇಬ್ಬರ ಹೇಳಿಕೆಯೂ ತಾಳೆಯಾಗುತ್ತಿತ್ತು. ನಲ್ಲಿಯ ಹೇಳಿಕೆ ಬೇರೆ ಇತ್ತು.

ಪೈಪು ಜೋಡಿಸಿ, ಹೊಸ ವಾಷರ್ ಹಾಕಿ, ತೊಟ್ಟಿಕ್ಕುವುದು ಹೇಗಿರಬೇಕೆಂದು ಮಹೇಶನಿಗೆ ತೋರಿಸಲು ನಲ್ಲಿಯನ್ನು ಒಂದು ಎಳೆಯಷ್ಟು ತಿರುಗಿಸಿದೆ. 'ನೋಡು, ಇಷ್ಟು' ಎಂದೆ. ಪುಟ್ಟತಾಯಮ್ಮ ಕೋಳಿಗಳ ವಿಷಯ ಹೇಳುತ್ತಾ ನಮ್ಮ ಹಿಂದಿನಿಂದ ಹಾದುಹೋದರು. 'ಆ ಕೆಂಪಿ ಅದಲ್ಲ, ಅದು ಮೊಟ್ಟೆ ಇಕ್ಕದ ಬುಟ್ಬುಟ್ಟದೆ...' ಎನ್ನುತ್ತಲೇ ಅವರ ಕೈ ಸಿಂಕಿನ ಕಡೆ ಹೋಯಿತು. ನಲ್ಲಿ ನಿಂತಿತು. ಮಾತು ನಿಲ್ಲಲಿಲ್ಲ.

ನಾನು ಮತ್ತೆ ತಿರುಗಿಸಿದೆ. ಅವರು ಸೊಪ್ಪಿನ ಕುಕ್ಕೆ ತೆಗೆದುಕೊಂಡು ವಾಪಸು ಬಂದರು. ಕೆಂಪಿಯ ದೋಷಗಳನ್ನು ಹೇಳುತ್ತಾ, ನಮ್ಮತ್ತ ನೋಡದೆ, ಮೊಣಕೈವರೆಗಿನ ಬಲವನ್ನೆಲ್ಲ ಹಾಕಿ ಮತ್ತೆ ಬಿಗಿದರು. ವಾಷರ್ ಕಿರ್ರೆಂದಿತು.

ಮಹೇಶ ನನ್ನ ಮುಖ ನೋಡಿದ. ನಾನು ನಲ್ಲಿಯ ಮುಖ ನೋಡಿದೆ.

'ಅಮ್ಮ, ನೀನಾ?' ಎಂದ ಮಹೇಶ.

'ಏನು ನಾನಾ?'

'ನಲ್ಲಿ ನಿಲ್ಲಿಸ್ತಿರೋದು ನೀನಾ ಅಂದೆ.'

'ಇನ್ಯಾರು ನಿಲ್ಲಿಸ್ತಾರೆ? ನೀವು ಗಂಡ ಎಂಡ್ರು ಇಬ್ರೂ ದಿನಾ ರಾತ್ರಿ ತೊಟ್ಟಿಕ್ಕುಸ್ಕಂಡು ಓಗಿ ಮನೀಕತೀರಿ. ನಾನು ಎದ್ದಾಗೆಲ್ಲ ಬಂದು ಬಿಗೀತೀನಿ. ಒಂದಿನ ಯೋಳಿದ್ನಾ? ಇಲ್ಲ. ಮಕ್ಳು ಆಫೀಸ್ ಮಾಡಿ ಸುಸ್ತಾಗಿರ್ತವೆ ಅಂತ ಸುಮ್ಕಿದ್ದೆ.'

ಮನೆ ಮಾರುವುದನ್ನು ತಡೆಯಲು ಹಟ ಹಿಡಿದವರೇ ಪೈಪು ಒಡೆಯಿಸುತ್ತಿದ್ದರು. ಅದನ್ನು ಅವರಿಗೆ ತಿಳಿಸಬೇಕಾಯಿತು. ತಿಳಿಸುವ ಕೆಲಸವನ್ನು ಮಹೇಶ ನನ್ನ ಕಡೆ ತಳ್ಳಿದ. ನಾನು ಮಂಜುಗಡ್ಡೆ, ಒತ್ತಡ, ಎಲ್ಲವನ್ನೂ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

'ಅದೆಲ್ಲ ಸರಿ ನಲ್ಲಿಯಪ್ಪ. ನಲ್ಲಿ ತೊಟ್ಟಿಕ್ತಿದ್ರೆ ಮನೇಲಿ ಲಕ್ಸ್ಮಿ ನಿಲ್ಲಕ್ಕಿಲ್ಲ.'

'ಪೈಪು ಒಡೆದ್ರೂ ಲಕ್ಷ್ಮಿ ಹೋಗ್ತಾಳಮ್ಮ, ಅಂಕಲ್ ವ್ಯಾನು ಹತ್ಕೊಂಡು' ಎಂದ ಮಹೇಶ.

ನಾನು ಬಿಲ್ಲು ಬರೆಯತೊಡಗಿದೆ.

ಆಮೇಲೆ ಅವನು ಗಂಭೀರವಾಗಿಯೇ ಹೇಳಿದ. ಇನ್ನೊಂದು ಸಲ ಏನಾದರೂ ಒಡೆದರೆ ಮನೆ ಮಾರಾಟಕ್ಕಿಡುವುದು ಖಂಡಿತ. ಲಿಂಡಾ ಎಂಬ ರಿಯಲ್ ಎಸ್ಟೇಟ್ ಏಜೆಂಟಿನ ಜೊತೆ ಮಾತಾಡಿದ್ದೇನೆ. ಮುಂದಿನ ಶನಿವಾರ ಅವರು ಸುಮ್ಮನೆ ಒಮ್ಮೆ ಮನೆ ನೋಡಲು ಬರುತ್ತಾರೆ ಎಂದ. ಅಷ್ಟರೊಳಗೆ ಈ ವರ್ಷದ ದೊಡ್ಡ ಚಳಿ ಬರಲಿದೆ ಎಂದು ಫೋನು ಹೇಳುತ್ತಿತ್ತು. ಪುಟ್ಟತಾಯಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಿದರು. ಮೊದಲ ಬಾರಿಗೆ ನಲ್ಲಿಯನ್ನು ಅನುಮಾನದಿಂದ ನೋಡಿದರು.

ಅವರು ಒಪ್ಪಲಿಲ್ಲ ಎಂದಲ್ಲ, ಒಪ್ಪಿದರು. ಕೈ ಒಪ್ಪಲಿಲ್ಲ. ನಾವು ಮಾತಾಡುತ್ತಿರುವಾಗಲೇ ಮತ್ತೆರಡು ಸಲ ನಿಲ್ಲಿಸಿದರು. ಎರಡನೆಯ ಸಲ ಅವರಿಗೇ ಆಶ್ಚರ್ಯವಾಯಿತು. 'ನಮ್ಮವ್ವ ಕೈಮೇಲೆ ಬಾರ್ಸಿ ಕಲ್ಸಿದ್ದು ಕನಪ್ಪ, ಈಗ ನೀನು ಬುಡು ಅಂದ್ರೆ ಎಂಗೆ ಬುಡ್ತದೆ?' ಎಂದರು. ಕೆಳಗೆ ಬಕೆಟ್ ಇಟ್ಟರೆ ನೀರು ಪೋಲಾಗುವುದಿಲ್ಲವಲ್ಲ ಎಂದು ನಾನು ಸೂಚಿಸಿದೆ. ಬಕೆಟ್ ತುಂಬಿದ ಮೇಲೆ? ಇನ್ನೊಂದು ಬಕೆಟ್. ಅದೂ ತುಂಬಿದ ಮೇಲೆ? ಕೊಳದಪ್ಪಲೆ. ಬೆಳಗಾಗುವಷ್ಟರಲ್ಲಿ ಈ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದು ಶ್ವೇತಾ ಎಚ್ಚರಿಸಿದಳು. ಅವಳ ಅತ್ತೆ ಹಿಂದೊಮ್ಮೆ ನೀರು ನಿಲ್ಲುತ್ತದೆಂದು ಕೇಳಿ ಪ್ರೆಶರ್ ಕುಕ್ಕರಿಗೂ, ಹೂದಾನಿಗೂ, ಮಹೇಶನ ಜಿಮ್ಮಿನ ಬಾಟಲಿಗೂ ನೀರು ತುಂಬಿಟ್ಟವರು.

ಪುಟ್ಟತಾಯಮ್ಮ ಒಳಗೆ ಹೋದರು. ಮುನಿಸಿಕೊಂಡರೆಂದು ನಾವು ಭಾವಿಸಿದೆವು. ಸೀರೆಯ ತುಂಡಿನಲ್ಲಿ ಸುತ್ತಿದ ಏನನ್ನೋ ಹಿಡಿದು ಬಂದರು. ಬಿಚ್ಚಿದರೆ, ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಮುಷ್ಟಿಗಾತ್ರದ ಕಲ್ಲಿನ ಲಿಂಗ.

'ನೀರು ಸುಮ್ಕೆ ತೊಟ್ಟಿಕ್ಕುದ್ರೆ ಪೋಲು' ಎಂದರು. 'ಸಿವನ ತಲೆಮ್ಯಾಲೆ ತೊಟ್ಟಿಕ್ಕುದ್ರೆ ಅಭಿಸೇಕ. ಅಭಿಸೇಕದ ನೀರ್ನ ನಿಲ್ಲಿಸಕ್ಕೆ ನನ್ ಕೈ ಓಗಕ್ಕಿಲ್ಲ.'

ದೇವಸ್ಥಾನದಲ್ಲಿ ಲಿಂಗದ ಮೇಲೆ ತೂತಿನ ತಾಮ್ರದ ಪಾತ್ರೆ ಕಟ್ಟುವುದನ್ನು ನಾನೂ ಕಂಡಿದ್ದೆ. ಆ ಪಾತ್ರೆ ಸೋರುತ್ತದೆಂದು ಯಾರೂ ಪ್ಲಂಬರನನ್ನು ಕರೆಸಿದ್ದು ಕೇಳಿಲ್ಲ.

'ಹಾಗಿದ್ರೆ ಇಲ್ಲೇ ಇಡೋಣ' ಎಂದು ಮಹೇಶ ಸಿಂಕು ತೋರಿಸಿದ.

'ಮುಸುರೆ ತೊಟ್ಟೀಲಿ ಈಸ್ವರನ್ನ ಮಡಗ್ತೀಯಾ? ಯಾವ ಕಾಲೇಜಲ್ಲಿ ಓದ್ದೆ ನೀನು?'

'ಬಾತ್‌ರೂಮು?'

ಉತ್ತರ ಹಾರಿಯೇ ಬಂತು. ಸೊಪ್ಪಿನ ದಂಟು ಮಹೇಶನ ಭುಜಕ್ಕೆ ತಗುಲಿತು.

ನಾನು ಗರಾಜಿನ ಹೆಸರು ಹೇಳಿದೆ. ಉತ್ತರದ ಗೋಡೆಗೆ ಅಂಟಿದ ಗರಾಜು. ಅಡುಗೆಮನೆಯ ಪೈಪು ಆ ಗೋಡೆ ಹಿಡಿದು ಮುಂದೆ ಹೋಗಿ ಅಲ್ಲಿಯೇ ಮುಗಿಯುತ್ತಿತ್ತು. ಮನೆಯ ಹಿಂದಿನ ಮಾಲೀಕರು ಬಟ್ಟೆ ಒಗೆಯುವ ಯಂತ್ರಕ್ಕೆಂದು ಬಿಟ್ಟ ಪೈಪಿನ ಬಾಯಿ, ಮುಚ್ಚಳ ಹಾಕಿತ್ತು. ಕೊನೆಯ ತುದಿಯಲ್ಲಿ ತೊಟ್ಟಿಕ್ಕಿದರೆ ಇಡೀ ಗೋಡೆಯ ಪೈಪಿಗೆ ರಕ್ಷಣೆ. ಅಲ್ಲಿ ಹೊಸ ಸಿಂಕು ಹಾಕಬಹುದು, ಅದರಲ್ಲಿ ಯಾರೂ ಏನೂ ತೊಳೆದಿರುವುದಿಲ್ಲ ಎಂದೆ. ಪುಟ್ಟತಾಯಮ್ಮ ಜಾಗ ನೋಡಿದರು. ಕಾರಿನ ಟೈರು ಅತ್ತ ಸರಿಸಬೇಕು ಎಂದರು. ಚಪ್ಪಲಿ ಸ್ಟಾಂಡು ತೆಗೆಯಬೇಕು ಎಂದರು. ಕೊನೆಗೆ ಒಂದು ಪ್ರಶ್ನೆ ಕೇಳಿದರು.

'ಈ ನೀರು ಓಗಿ ಬೀಳಾದು ಎಲ್ಲಿಗೆ?'

'ಸೆಪ್ಟಿಕ್ ಟ್ಯಾಂಕಿಗೆ.'

'ಅಂದ್ರೆ ಕಕ್ಕಸ್ ಗುಂಡಿಗೆ.'

ಅಲ್ಲಗಳೆಯುವಂತಿರಲಿಲ್ಲ. ಆದ್ದರಿಂದ ಆ ಸಿಂಕಿಗೆ ಬೇರೆಯೇ ಪೈಪು ಹಾಕಿ, ಗೋಡೆ ಕೊರೆದು, ನೀರನ್ನು ಅವರೆ ಪಾತಿಗೆ ಬಿಡುವುದೆಂದು ತೀರ್ಮಾನವಾಯಿತು. ನಿಜಕ್ಕೂ ಅದು ಒಳ್ಳೆಯದೇ. ಸೆಪ್ಟಿಕ್ ಟ್ಯಾಂಕಿಗೆ ಇಡೀ ರಾತ್ರಿ ನೀರು ಬಿಡುವುದು ಅದರ ಆರೋಗ್ಯಕ್ಕೆ ಹಿತವಲ್ಲ. ಮಹೇಶ ಗೋಡೆ ಕೊರೆಯುವ ಖರ್ಚು ಕೇಳಿ ಗೋಡೆಗೆ ಒರಗಿ ನಿಂತ. ಆದರೆ ಒಪ್ಪಿದ.

ಕೆಲಸಕ್ಕೆ ಹೆಕ್ಟರನೂ ಬಂದ. ಪುಟ್ಟತಾಯಮ್ಮ ಲಿಂಗವನ್ನು ಸಿಂಕಿನಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂವಿಟ್ಟು, 'ಈಗ ಬುಡು' ಎಂದರು. ಹೆಕ್ಟರ್ ಟೋಪಿ ತೆಗೆದು, ತೊಟ್ಟುಗಳ ಓಟ ನೋಡಿ, ನಲ್ಲಿಯನ್ನು ಕೂದಲೆಳೆಯಷ್ಟು ಸರಿಪಡಿಸಿದ. ಲಿಂಗದ ತಲೆಗೆ ಸರಿಯಾಗಿ ಬೀಳುವಂತೆ ಮೂತಿಯನ್ನು ತಿರುಗಿಸಿದ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ನನ್ನ ಕಡೆ ಬಾಗಿ ಹೇಳಿದ: 'ನಮ್ಮ ಜನ ಮನೆ ಬೇಗ ಮಾರಾಟವಾಗಲಿ ಅಂತ ಸಂತರ ಬೊಂಬೇನ ತಲೆಕೆಳಗಾಗಿ ಅಂಗಳದಲ್ಲಿ ಹೂಳ್ತಾರೆ. ಮಾರಾಟ ಆಗದೇ ಇರಲಿ ಅಂತ ದೇವರನ್ನ ಕೂರಿಸಿದ್ದು ಇದೇ ಮೊದಲು ನೋಡಿದ್ದು.'

'ಏನಂತೆ?' ಎಂದರು ಪುಟ್ಟತಾಯಮ್ಮ.

'ತೊಟ್ಟು ಚೆನ್ನಾಗಿ ಬೀಳ್ತಿದೆ ಅಂತಿದ್ದಾನೆ.'

'ಅವ್ನಿಗೂ ಎಲ್ಡು ಮೊಟ್ಟೆ ಕೊಡು.'

ಚಳಿ ಗುರುವಾರ ಬಂತು. ಶುಕ್ರವಾರ ಬೆಳಿಗ್ಗೆ ಮಹೇಶ ಫೋನು ಮಾಡಿ, ಮಾತಾಡುತ್ತಲೇ ಮನೆಯ ನಲ್ಲಿಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದ. ಕೋಳಿಗಳ ನೀರು ಗಟ್ಟಿಯಾಗಿದೆ ಎಂದ. ಕಾರಿನ ಗಾಜು ಕಾಣುತ್ತಿಲ್ಲ ಎಂದ. ಅಡುಗೆಮನೆಗೆ ಹೋದ.

'ತಿರುಗಿಸಿದೆ ಅಂಕಲ್. ಏನೂ ಇಲ್ಲ.'

ನಾನು ಕಾಫಿ ಲೋಟ ಕೆಳಗಿಟ್ಟೆ.

'ಗೊರಗೊರ ಅಂತಿದೆ... ತಡೀರಿ... ಬಂತು. ಬಂತು ಅಂಕಲ್. ಗೋಡೇನೂ ಒಣಗಿದೆ.'

ಹಿಂದಿನಿಂದ ಪುಟ್ಟತಾಯಮ್ಮನವರ ದನಿ ಕೇಳಿತು: 'ಬರ್ದೆ ಏನು, ಸಿವ ರಾತ್ರಿಯೆಲ್ಲ ತಲೆ ಕೊಟ್ಕಂಡು ಕೂತವ್ನೆ.'

ಮಹೇಶ ತನ್ನ ಬಾತ್‌ರೂಮಿಗೆ ಹೋದ. ಅಲ್ಲಿ ನಮ್ಮವರೆಲ್ಲ ಹಾಕಿಸಿಕೊಳ್ಳುವ ಜೆಟ್ ಇತ್ತು. ಕಮೋಡಿನ ಪಕ್ಕದ ಕೈಪಿಚಕಾರಿ.

'ಅಂಕಲ್, ಇದು ಕೋಲಿನ ಥರ ನಿಂತಿದೆ. ಪಕ್ಕದಲ್ಲಿ ಸೀಳಿದೆ.'

ಅವನು ಗಾಳಿಗೆಂದು ಕಿಟಕಿಯನ್ನು ರಾತ್ರಿಯೆಲ್ಲ ತೆರೆದಿಟ್ಟಿದ್ದ. ಕಿಟಕಿಯ ಕೆಳಗೇ ಜೆಟ್ಟಿನ ಕೊಳವೆ. ಈಗ ಕಾನೂನಿನ ಪ್ರಶ್ನೆ ಎದ್ದಿತು. ಏನಾದರೂ ಒಡೆದರೆ ಮನೆ ಮಾರುವುದು ಎಂದು ಮಾತಾಗಿತ್ತು. ಜೆಟ್ ಒಡೆದಿದೆ. ಮಾತೆಂದರೆ ಮಾತು ಎಂದು ಮಹೇಶ ಫೋನಿನಲ್ಲೇ ತಾಯಿಗೆ ಹೇಳುವುದು ನನಗೆ ಕೇಳುತ್ತಿತ್ತು.

'ಒಡ್ದಿರಾದು ಮನೆ ಪೈಪಲ್ಲ. ನೀನು ತಂದ ಸೊಂಡ್ಲು, ನೀನು ತೆಗ್ದ ಕಿಟಕಿ' ಎಂದರು ಪುಟ್ಟತಾಯಮ್ಮ. 'ನಿನ್ ಸೊಂಡ್ಲು ಒಡ್ದೋಯ್ತು ಅಂತ ನನ್ ಮನೆ ಮಾರ್ತೀಯಾ?'

ಶ್ವೇತಾ ಹಿಂದೆ ನಗುತ್ತಿದ್ದಳು. ಮಹೇಶ ತೀರ್ಪನ್ನು ಕಾಯ್ದಿರಿಸಿ, ಶನಿವಾರ ಬಂದು ಜೆಟ್ ಬದಲಾಯಿಸಿಕೊಡಿ ಎಂದು ನನಗೆ ಹೇಳಿದ. ಲಿಂಡಾಳಿಗೆ ಬರಬೇಡಿ ಎಂದು ಹೇಳಲಿಲ್ಲ.

ಶನಿವಾರ ನಾನು ಜೆಟ್ ಬದಲಾಯಿಸಿ ಗರಾಜಿಗೆ ಬರುವ ಹೊತ್ತಿಗೆ ಲಿಂಡಾ ಮನೆಯನ್ನೆಲ್ಲ ನೋಡಿ ಮುಗಿಸಿದ್ದಳು. ಬೂದಿ ಬಣ್ಣದ ಕೋಟು, ಒಳ್ಳೆಯ ನಗು. ಗುಡ್ಡದ ನೋಟವನ್ನು ಹೊಗಳಿದಳು, ಕೋಳಿಗಳನ್ನು ಹೊಗಳಿದಳು. ಕೊಳ್ಳುವವರು ಸಿಗುತ್ತಾರೆ, ವಾರವೂ ಬೇಡ ಎಂದಳು. ಮಹೇಶ ತಲೆಯಾಡಿಸುತ್ತಿದ್ದ. ಪುಟ್ಟತಾಯಮ್ಮ ಅವರಿಬ್ಬರ ಹಿಂದೆಯೇ, ಮೊಟ್ಟೆಯ ಬುಟ್ಟಿ ಹಿಡಿದು, ಕೆಂಪಿಯ ವಿಷಯ ನನಗೆ ಹೇಳುತ್ತಾ ಬಂದರು. ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿಯೇ ಕೋಳಿಯ ಮಾತು ನಿಲ್ಲಿಸುತ್ತಿರಲಿಲ್ಲ.

ಲಿಂಡಾ ಸಿಂಕಿನ ಮುಂದೆ ನಿಂತಳು. ಲಿಂಗವನ್ನು ನೋಡಿ, ಚೆಂದದ ಕಲ್ಲು ಎಂದಳು. ಆಮೇಲೆ ನಲ್ಲಿಯನ್ನು ನೋಡಿದಳು. ಮನೆ ತೋರಿಸುವ ಮೊದಲು ಇಂಥ ಸಣ್ಣಪುಟ್ಟ ಸೋರಿಕೆ ಸರಿಮಾಡಿಸಬೇಕು, ಕೊಳ್ಳುವವರು ಮೊದಲು ಗಮನಿಸುವುದೇ ಇದನ್ನ ಎಂದು ನಯವಾಗಿ ಹೇಳಿ, ಕೈಚಾಚಿ ತಿರುಗಿಸಿದಳು. ತೊಟ್ಟು ನಿಂತಿತು.

ಕೋಳಿಯ ಮಾತೂ ನಿಂತಿತು.

ಪುಟ್ಟತಾಯಮ್ಮ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಲಿಂಡಾಳ ಮಣಿಕಟ್ಟು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಲ್ಲಿಯನ್ನು ಹೆಕ್ಟರ್ ತಿರುಗಿಸಿದಷ್ಟೇ, ಒಂದು ಕೂದಲೆಳೆ, ತಿರುಗಿಸಿದರು. ಬಾಗಿ ನೋಡಿದರು. ತೊಟ್ಟು ಮೂತಿಯಲ್ಲಿ ಉಬ್ಬಿ, ತೂಗಿ, ಲಿಂಗದ ತಲೆಯ ಮೇಲೆ ಬಿತ್ತು. ಇನ್ನೊಂದು ಬಿತ್ತು.

'ಮುಟ್ಟಬ್ಯಾಡ ಕನವ್ವ' ಎಂದು ಲಿಂಡಾಳಿಗೆ ಕನ್ನಡದಲ್ಲೇ ಹೇಳಿದರು. 'ಗಡ್ಡೆ ಕಟ್ದಾಗ ಒಳಗಡೆ ನೀರ್ಗೆ ಜಾಗ ಇರಕ್ಕಿಲ್ಲ. ಪೈಪು ಒಡ್ದೋಯ್ತದೆ. ಇಷ್ಟು ವಯಸ್ಸಾಗದೆ, ನಿಂಗೆ ಯಾರೂ ಯೋಳ್ಲಿಲ್ವಾ?'

ಮಹೇಶ ತಾಯಿಯನ್ನು ನೋಡುತ್ತಾ ನಿಂತಿದ್ದ. ಲಿಂಡಾ ಮಣಿಕಟ್ಟು ಸವರಿಕೊಂಡು, ನಗು ಬಿಡದೆ, ಅಮ್ಮ ಏನು ಹೇಳುತ್ತಿದ್ದಾರೆ ಎಂದು ಅವನನ್ನು ಇಂಗ್ಲಿಷಿನಲ್ಲಿ ಕೇಳಿದಳು.

'ಮನೆ ಮಾರಾಟಕ್ಕಿಲ್ಲ ಅಂತಿದ್ದಾರೆ' ಎಂದ ಮಹೇಶ.

ಅವರು ಹಾಗೆ ಹೇಳಿರಲಿಲ್ಲ. ಅಷ್ಟು ಇಂಗ್ಲಿಷು ಪುಟ್ಟತಾಯಮ್ಮನವರಿಗೂ ಅರ್ಥವಾಗುತ್ತಿತ್ತು. ಮಗನ ಮುಖವನ್ನು ಒಮ್ಮೆ ನೋಡಿ, ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು, ಟೀ ಕುಡಿದೇ ಹೋಗಬೇಕು ಎಂದು ಆಕೆಗೆ ಹೇಳು ಎಂದರು. ಆ ಮಾತನ್ನು ಮಹೇಶ ಸರಿಯಾಗಿ ಅನುವಾದಿಸಿದ.